ಬಾಳ್ಗಚ್ಚು

"ಹಲ್ಮಿಡಿ ಶಾಸನದ ಕಾಲ ಯಾವುದು?" ಒಂದು ಅಂಕದ ಪ್ರಶ್ನೆ. ನನ್ನ ತರಗತಿಯಲ್ಲಿ ಕುಳಿತ ನೀವೆಲ್ಲರೂ "ಕ್ರಿ.ಶ. ಸುಮಾರು 450" ಎಂದು ಬರೆದು ಆ ಅಂಕವನ್ನು ಸಂಪಾದಿಸಿದವರೇ. (ಇತ್ತೀಚಿನ ವರ್ಷಗಳಲ್ಲಿ ತಾಳಗುಂದದ ಶಾಸನವೊಂದು ಅದಕ್ಕಿಂತಲೂ ಹಳೆಯದು, ಸುಮಾರು 370ರದು ಎಂಬ ವಾದ ಬಂದಿದೆ. ಆ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ.) ಆದರೆ ಆ ಶಾಸನದಲ್ಲಿ ಬರೆದಿರುವುದಾದರೂ ಏನು ಎಂಬ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಹದಿನಾರು ಸಾಲುಗಳ ಶಾಸನ ದೇವಸ್ತುತಿಯೂ ಅಲ್ಲ, ಕಾವ್ಯವೂ ಅಲ್ಲ. ಅದೊಂದು ದಾನಪತ್ರ. ಕೇಕಯ ಪಲ್ಲವರೊಡನೆ ನಡೆದ ಕಾಳಗದಲ್ಲಿ ಹೋರಾಡಿ ಗೆದ್ದ ವಿಜ ಅರಸನೆಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟ ದಾಖಲೆ. ಆ ದಾನದ ಹೆಸರು 'ಬಾಳ್ಗಳ್ಚು'. 'ಬಾಳ್' ಎಂದರೆ ಕತ್ತಿ. 'ಕಳ್ಚು' ಅಥವಾ 'ಕರ್ಚು' ಎಂದರೆ ತೊಳೆ. ಯುದ್ಧ ಮುಗಿದು ನೆತ್ತರು ಮೆತ್ತಿದ ಕತ್ತಿಯನ್ನು ತೊಳೆಯುವ ವೇಳೆಗೆ, ಅದನ್ನು ಹಿಡಿದವನಿಗೆ ಕೊಡುವ ಭೂಮಿ ಇದು. ಸತ್ತವನ ನೆನಪಿಗಲ್ಲ, ಬದುಕಿ ಮರಳಿದವನಿಗೆ ಎಂಬುದನ್ನು ಗಮನಿಸಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮಾಜಿ ಸೈನಿಕನಿಗೆ!

ಕನ್ನಡಿಗರ ಇತಿಹಾಸವನ್ನು ಇಷ್ಟು ಕಾಲ ಓದಿ, ಓದಿಸಿದ ನನಗೆ ಇದು ಸಣ್ಣ ಸಂಗತಿಯೆಂದು ತೋರುವುದಿಲ್ಲ. ನಮ್ಮ ಭಾಷೆಯ ಮೊದಲ ದೊಡ್ಡ ದಾಖಲೆಯೇ ಒಬ್ಬ ಯೋಧನ ಋಣವನ್ನು ತೀರಿಸಿದ ಪತ್ರ. ತೀರಿಸಿದ್ದು ಹೊಗಳಿಕೆಯಿಂದಲ್ಲ, ಹಾರದಿಂದಲೂ ಅಲ್ಲ. ಎಲ್ಲೆ ಗೊತ್ತಿರುವ, ಹೆಸರಿರುವ ಊರುಗಳಿಂದ.

ಐನೂರು ವರ್ಷ ಮುಂದೆ ಬನ್ನಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೀವು ಬಲ್ಲಿರಿ, 'ನಾಯಿಯ ವೀರಗಲ್ಲು' ಎಂದರೆ ಎಲ್ಲರಿಗೂ ನೆನಪಾಗುತ್ತದೆ. ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿ "ಏನು ಬೇಕೋ ಕೇಳು" ಎಂದಾಗ, ಅವನು ದೊರೆಯ ಬೇಟೆನಾಯಿ ಕಾಳಿಯನ್ನು ಬೇಡಿದನಂತೆ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗೂ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿಯೂ ಸಂದಿತು.

ತರಗತಿಯಲ್ಲಿ ಈ ಕಥೆ ಹೇಳಿದರೆ ಹಿಂದಿನ ಬೆಂಚಿನವರೂ ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದರು. ಆದರೆ ನಾಯಿಯ ಭರದಲ್ಲಿ ಅದೇ ಕಲ್ಲಿನ ಇನ್ನೊಂದು ಮಾತು ಮರೆಯಾಗಿಬಿಡುತ್ತದೆ. ಕೃಷ್ಣನು ಬೂತುಗನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಪಾಲಿಗೆ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟನು. ಆ ಕೊಡುಗೆಯನ್ನು ಶಾಸನ ಕರೆಯುವುದು ಅದೇ ಪದದಿಂದ: ಬಾಳ್ಗಚ್ಚು. ಐದು ಶತಮಾನ ಕಳೆದು, ಕದಂಬರು ಹೋಗಿ ಗಂಗ ರಾಷ್ಟ್ರಕೂಟರು ಬಂದರೂ ಪದ ಉಳಿದಿತ್ತು. ಪದದ ಹಿಂದಿನ ಪದ್ಧತಿಯೂ ಉಳಿದಿತ್ತು. ಚಕ್ರವರ್ತಿಯು ಸಾಮಂತನಿಗೆ ಕೊಟ್ಟದ್ದು ಸಾಮಂತನಲ್ಲೇ ನಿಲ್ಲದೆ ಕೆಳಗಿನ ಯೋಧನವರೆಗೂ ಇಳಿಯಿತು.

ಮರಳಿ ಬಾರದವರ ಮನೆಗೆ ಸಲ್ಲುತ್ತಿದ್ದುದು 'ಕಲ್ನಾಡು'. ಮುಂದೆ ಅದೇ ಬಗೆಯ ಕೊಡುಗೆಗೆ 'ನೆತ್ತರುಗೊಡಗೆ', 'ರಕ್ತಕೊಡಗೆ' ಎಂಬ ಹೆಸರುಗಳು ಬಂದವು. ಬೇಗೂರಿನ ಪ್ರಸಿದ್ಧ ವೀರಗಲ್ಲನ್ನು ತೆಗೆದುಕೊಳ್ಳಿ. ಗಂಗ ದೊರೆ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಸೇನೆಯೊಡನೆ ಹೋದ ನಾಗತ್ತರ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಮಡಿದನು. ಸುದ್ದಿ ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೇಗೂರಿನ ಇನ್ನೊಂದು ಕಲ್ಲಿನಲ್ಲಿ 'ಬೆಂಗಳೂರು ಕಾಳಗ'ದಲ್ಲಿ ಸತ್ತ ಬುಟ್ಟಣ ಸೆಟ್ಟಿಯ ಹೆಸರಿದೆ. ಬೆಂಗಳೂರು ಎಂಬ ಊರಿನ ಹೆಸರು ಮೊದಲಿಗೆ ಕಾಣಿಸುವುದೇ ಅಲ್ಲಿ. ಬೆಂದಕಾಳಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಾಳಗದಲ್ಲಿ ಸತ್ತವನ ಕಥೆಯನ್ನು ಹೇಳುವವರು ಕಡಿಮೆ.

ಇವೆಲ್ಲ ಅರಸರ ಔದಾರ್ಯವಾಯಿತು ಎನ್ನಬಹುದು. ಹಾಗಲ್ಲ. ತುರುಗಳನ್ನು ಹೊಡೆದೊಯ್ಯಲು ಬಂದವರನ್ನು ತಡೆದು ಸತ್ತವನಿಗೆ ಊರವರೇ ಕೂಡಿ ಕಲ್ಲು ನಿಲ್ಲಿಸಿ, ಊರ ಭೂಮಿಯಲ್ಲೇ ಒಂದಿಷ್ಟನ್ನು ಅವನ ಮನೆಯವರಿಗೆ ಬಿಟ್ಟ ನಿದರ್ಶನಗಳು ನಾಡಿನಲ್ಲಿ ಧಾರಾಳವಾಗಿವೆ. ಕಲ್ಲಿನ ಕೆಳ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ, ತುದಿಯಲ್ಲಿ ಸೂರ್ಯಚಂದ್ರರು. ಶಿಲ್ಪವನ್ನು ಎಲ್ಲರೂ ನೋಡುತ್ತಾರೆ. ನಾನು ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ದಾಗ ಅಂಕಣಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳನ್ನು ತೋರಿಸುತ್ತಿದ್ದೆ. ಸ್ವರ್ಗ ಮೇಲಿನ ಅಂಕಣದಲ್ಲಿದೆ, ಸರಿ. ಹೆಂಡತಿ ಮಕ್ಕಳ ಅನ್ನ ಆ ಪಟ್ಟಿಯಲ್ಲಿದೆ.

ಕೊಡಗಿನ ಜಮ್ಮಾ ಭೂಮಿಯೂ ಇದೇ ಬೇರಿನದು. ರಾಜರ ಕಾಲದಲ್ಲಿ ಕರೆ ಬಂದಾಗ ಆಯುಧ ಹಿಡಿದು ಬರಬೇಕೆಂಬ ಹೊಣೆಯ ಮೇಲೆ ಮನೆತನಗಳಿಗೆ ವಂಶಪಾರಂಪರ್ಯವಾಗಿ, ಕಡಿಮೆ ಕಂದಾಯಕ್ಕೆ ಕೊಟ್ಟ ಭೂಮಿ ಅದು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೂ ಅದು ಮುಂದುವರಿಯಿತು. ಆ ನಾಡಿನಿಂದ ಬಂದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ದಂಡನಾಯಕತ್ವದಿಂದ ಇಳಿದ ಮೇಲೆ ಮಾಜಿ ಸೈನಿಕರ ಸಂಘಟನೆಗೆ ಕೈಹಾಕಿ, 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಸ್ಥಾಪಿಸಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಬಿಡುವಾದ ಸಿಪಾಯಿಗೆ ಏನು ಬೇಕೆಂಬುದು ಅಂಥ ನೆಲದಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ.

ಹೊಸ ಕಾಲದ ಗೌರವಗಳು ಬೇರೆ ಬಗೆಯವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಸೇರಿ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಈಟಿ ಕತ್ತಿಗಳನ್ನು ಹಿಡಿದು ಫಿರಂಗಿ, ಮೆಷಿನ್‌ಗನ್ನುಗಳ ಮೇಲೆ ನುಗ್ಗಿದರು. ದೆಹಲಿಯಲ್ಲಿ 1922ರಲ್ಲಿ ಸ್ಥಾಪಿಸಿದ ತೀನ್ ಮೂರ್ತಿಗಳಲ್ಲಿ ಒಂದು ಮೈಸೂರಿನ ಸವಾರನದು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಒಳ್ಳೆಯದೇ. ಆದರೆ ಕಂಚಿನ ಮೂರ್ತಿಯಲ್ಲಿ ಸವಾರನ ಹೆಸರಿಲ್ಲ, ಅವನ ಮನೆಗೆ ಏನು ಸಂದಿತು ಎಂಬ ಸಾಲೂ ಇಲ್ಲ. ಬೇಗೂರಿನ ಅನಾಮಧೇಯ ಶಿಲ್ಪಿ ಈ ಎರಡನ್ನೂ ಬಿಟ್ಟಿರಲಿಲ್ಲ.

ಇನ್ನು ಡಿಸೆಂಬರ್ 7. ನಿಮಗೆಲ್ಲ ನೆನಪಿರಬೇಕು: ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಕಾಗದದ ಬಾವುಟ, ಅಂಗಿಗೆ ಚುಚ್ಚಲು ಒಂದು ಗುಂಡುಸೂಜಿ, ಚಿಲ್ಲರೆ ಹಾಕಲು ಒಂದು ಡಬ್ಬಿ. 1949ರಿಂದ ನಡೆದುಬಂದ ಸಶಸ್ತ್ರ ಪಡೆಗಳ ಧ್ವಜ ದಿನ. ಮೂರು ಬಣ್ಣ ಮೂರು ಪಡೆಗಳಿಗೆ. ಹಣ ಯುದ್ಧಸಂತ್ರಸ್ತರಿಗೆ, ಮಾಜಿ ಸೈನಿಕರಿಗೆ, ಅವರ ಕುಟುಂಬಗಳಿಗೆ. ನಮ್ಮ ಶಾಲೆಯಲ್ಲಿ ಆ ಡಬ್ಬಿಯನ್ನು ಹಿಡಿದು ತರಗತಿಯಿಂದ ತರಗತಿಗೆ ಬರುತ್ತಿದ್ದವರು ಯಾರು, ನೆನಪಿದೆಯೇ? ನೀವೆಲ್ಲ 'ಮಿಲ್ಟ್ರಿ ಅಣ್ಣ' ಎಂದು ಕರೆಯುತ್ತಿದ್ದ ನಮ್ಮ ಜವಾನರು.

'ಜವಾನ' ಎಂಬ ಪದವನ್ನು ಕುರಿತು ಎರಡು ಮಾತು. ಪಾರಸಿಯಿಂದ ಬಂದ ಈ ಪದಕ್ಕೆ ತರುಣ ಎಂದರ್ಥ. ಹಿಂದಿಯಲ್ಲಿ ಅದು ಸೈನಿಕನಾಯಿತು. ಕನ್ನಡದಲ್ಲಿ ಅದು ಗಂಟೆ ಹೊಡೆಯುವವನೂ ಆಯಿತು, ಕಡತ ಹೊರುವವನೂ ಆಯಿತು. ಮಿಲ್ಟ್ರಿ ಅಣ್ಣನವರು ಎರಡೂ ಅರ್ಥಗಳನ್ನು ಬದುಕಿದವರು. 1960ರಲ್ಲಿ ಹದಿನೆಂಟರ ಹುಡುಗನಾಗಿ ಮದ್ರಾಸ್ ಸ್ಯಾಪರ್ಸ್ ಸೇರಿ, 1975ರಲ್ಲಿ ಹದಿನೈದು ವರ್ಷದ ಸೇವೆ ಮುಗಿಸಿ ಊರಿಗೆ ಬಂದಾಗ ಅವರಿಗೆ ಮೂವತ್ತಮೂರು. ನಾವು ಮೇಷ್ಟರುಗಳು ಐವತ್ತೆಂಟಕ್ಕೆ ನಿವೃತ್ತರಾಗಿ ಆಯಾಸಪಟ್ಟುಕೊಳ್ಳುತ್ತಿದ್ದೆವು. ಸಿಪಾಯಿಗೆ ನಿವೃತ್ತಿ ಬರುವುದು ಮಕ್ಕಳು ಇನ್ನೂ ಒಂದನೆಯ ತರಗತಿಯಲ್ಲಿರುವಾಗ. ಕೈಗೆ ಬಂದ ಪಿಂಚಣಿ ಅಲ್ಪ. ಮಾಜಿ ಸೈನಿಕರ ಮೀಸಲಾತಿಯಲ್ಲಿ ಜವಾನನ ಹುದ್ದೆ ದೊರೆಯಿತು. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಟ್ಯಾಂಕುಗಳಿಗೆ ದಾರಿ ಮಾಡಲು ನೆಲದೊಳಗಿನ ಮೈನುಗಳನ್ನು ತೆಗೆದ ಕೈ, ಇಪ್ಪತ್ತಮೂರು ವರ್ಷ ನಮ್ಮ ಶಾಲೆಯ ಗಂಟೆಯನ್ನು ಹೊಡೆಯಿತು. ಎಡಗಿವಿ ಕೇಳುತ್ತಿರಲಿಲ್ಲ, ಅದಕ್ಕೇ ನೀವು ಎಡಬದಿಯಿಂದ ಕೂಗಿ ನಗುತ್ತಿದ್ದಿರಿ. ಅವರೂ ನಗುತ್ತಿದ್ದರು.

ಆಗಸ್ಟ್ 15ರಂದು ಬಾವುಟದೊಳಗೆ ಹೂವಿನ ಪಕಳೆಗಳನ್ನಿಟ್ಟು ಮಡಿಸಿ, ಎಳೆದೊಡನೆ ಬಿಚ್ಚಿಕೊಳ್ಳುವಂತೆ ಗಂಟು ಹಾಕುವವರು ಅವರೇ. ಹಗ್ಗ ಎಳೆಯುವವರು ಮುಖ್ಯ ಅತಿಥಿಗಳು. ಆ ಒಂದು ದಿನ ಮಾತ್ರ ಖಾಕಿ ಅಂಗಿಯ ಮೇಲೆ ಪದಕಗಳಿರುತ್ತಿದ್ದವು. ಒಮ್ಮೆ ಕೇಳಿದಾಗ ಒಂದೊಂದರ ಹೆಸರನ್ನೂ ಹೇಳಿದರು: ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್. ಅದಕ್ಕಿಂತ ಹೆಚ್ಚು ಹೇಳುವವರಲ್ಲ.

ಅವರ ಬಳಿ ಇನ್ನೊಂದು ಕಾಗದವಿತ್ತು. ನಮ್ಮ ರಾಜ್ಯದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲನ್ನು ಮೀಸಲಿಟ್ಟಿದ್ದಾರೆ. ಬಾಳ್ಗಚ್ಚು ಎಂಬ ಪದ ಹೋದರೂ ಪದ್ಧತಿ ಹೀಗೆ ನಿಯಮವಾಗಿ ಉಳಿಯಿತೆಂದು ಇತಿಹಾಸದ ಮೇಷ್ಟರಾದ ನನಗೆ ಸಂತೋಷ. ಅವರು ದರಖಾಸ್ತು ಹಾಕಿದರು. 1984ರಲ್ಲಿ ಎರಡು ಎಕರೆಗೆ ಸಾಗುವಳಿ ಚೀಟಿಯೂ ಬಂತು. ಬಾರದೆ ಹೋದದ್ದು ಪೋಡಿ. ಮಂಜೂರಾದ ಎರಡು ಎಕರೆ ಆ ದೊಡ್ಡ ಸರ್ವೆ ನಂಬರಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು ಕಲ್ಲು ನೆಡುವವರಿಲ್ಲ. ಕಚೇರಿಗೆ ಹೋದರೆ ನಕ್ಷೆ ಇಲ್ಲ ಎಂದರು. ಮತ್ತೊಮ್ಮೆ ಮೂಲ ಕಡತ ಇಲ್ಲ ಎಂದರು. ಅಳತೆಗೆ ದಿನ ಗೊತ್ತುಮಾಡಿದಾಗ ಅಳೆಯುವವರು ಬರಲಿಲ್ಲ. ಒಂದು ಸಂಜೆ ಶಾಲೆಯ ಬಾಗಿಲುಗಳಿಗೆ ಬೀಗ ಹಾಕುತ್ತಾ ಅವರು ನನಗೆ ಹೇಳಿದರು: "ಮೇಷ್ಟ್ರೇ, ಅಲ್ಲಿ ನೆಲದೊಳಗೆ ಮೈನು ಎಲ್ಲಿದೆ ಅಂತ ಕತ್ತಲಲ್ಲೂ ಹುಡುಕಿಬಿಡ್ತಿದ್ವಿ. ಇಲ್ಲಿ ನನ್ನ ನೆಲ ಎಲ್ಲಿದೆ ಅಂತ ಹಗಲಲ್ಲೂ ಸಿಗ್ತಾ ಇಲ್ವಲ್ಲ."

1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಮ್ಮ ಊರಿನಲ್ಲಿ ದೊಡ್ಡ ಸಭೆ ಸೇರಿತು, ನಿಧಿ ಕೂಡಿತು, ಭಾಷಣಗಳಾದವು. ಕುರ್ಚಿಗಳನ್ನು ಸಾಲಾಗಿ ಹಾಕಿದವರು ಮಿಲ್ಟ್ರಿ ಅಣ್ಣನವರು. ವೇದಿಕೆಯ ಮೇಲಿದ್ದ ಯಾರಿಗೂ ಅವರು ಹೊಳೆಯಲಿಲ್ಲ. ಸೈನಿಕನನ್ನು ದೂರದ ಹಿಮಶಿಖರದ ಮೇಲೆ ಕಲ್ಪಿಸಿಕೊಂಡು ನಮಸ್ಕರಿಸುವುದು ಸುಲಭ. ಎದುರಿಗೆ ಕುರ್ಚಿ ಹೊರುವವನಲ್ಲಿ ಗುರುತಿಸುವುದು ಕಷ್ಟ.

ಪಿಂಚಣಿಯ ಕಥೆ ಬಹುಮಂದಿಗೆ ಗೊತ್ತಿರುವುದೇ. ಒಂದೇ ದರ್ಜೆ, ಒಂದೇ ಅವಧಿಯ ಸೇವೆ. ಆದರೂ 1975ರಲ್ಲಿ ಬಿಟ್ಟವನಿಗೆ ಒಂದು ಪಿಂಚಣಿ, ಇಪ್ಪತ್ತು ವರ್ಷ ತಡವಾಗಿ ಬಿಟ್ಟವನಿಗೆ ಅದಕ್ಕಿಂತ ಹೆಚ್ಚು. 'ಒಂದು ದರ್ಜೆ, ಒಂದು ಪಿಂಚಣಿ' ಬೇಕೆಂದು ಹಿರಿಯ ಯೋಧರು 2009ರಲ್ಲಿ ಪದಕಗಳನ್ನು ರಾಷ್ಟ್ರಪತಿಗಳಿಗೆ ಹಿಂದಿರುಗಿಸಿದರು. 2015ರ ಬಿಸಿಲಿನಲ್ಲಿ ಜಂತರ್ ಮಂತರ್‌ನಲ್ಲಿ ಕುಳಿತರು. ಆ ವರ್ಷ ನವೆಂಬರ್ 7ರಂದು ಆದೇಶ ಹೊರಟಿತು. 2014ರ ಜುಲೈ 1ರಿಂದ ಅನ್ವಯ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಎಲ್ಲರ ಬೇಡಿಕೆಗಳೂ ಅದರಿಂದ ಈಡೇರಲಿಲ್ಲವಾದರೂ ದೊಡ್ಡ ಹೆಜ್ಜೆಯೇ. ಮಿಲ್ಟ್ರಿ ಅಣ್ಣನವರು ಅದನ್ನು ಕಾಣಲಿಲ್ಲ, 2011ರಲ್ಲಿಯೇ ತೀರಿಕೊಂಡಿದ್ದರು. ಕುಟುಂಬ ಪಿಂಚಣಿಯ ವ್ಯತ್ಯಾಸದ ಹಣ ಅವರ ಪತ್ನಿಯ ಖಾತೆಗೆ ಬಂತು. ಆ ತಾಯಿ ಅದರಲ್ಲಿ ಮೊದಲು ಮಾಡಿಸಿದ್ದು ಮನೆಯ ಸೂರಿನ ದುರಸ್ತಿ.

ಸಾಗುವಳಿ ಚೀಟಿ ಈಗ ಅವರ ಮಗನ ಹತ್ತಿರವಿದೆ, ಪದಕಗಳಿರುವ ಡಬ್ಬಿಯಲ್ಲಿಯೇ. ಮಡಿಕೆಗಳಲ್ಲಿ ಹರಿದಿದೆ, ಮೊಹರು ಮಾತ್ರ ಚೆನ್ನಾಗಿ ಓದಬರುತ್ತದೆ. ಪೋಡಿಗೆ ಮತ್ತೆ ಅರ್ಜಿ ಕೊಟ್ಟಿದ್ದಾನೆ. ನಿಮ್ಮಲ್ಲಿ ಮೂವರು ಕಂದಾಯ ಇಲಾಖೆಯಲ್ಲಿದ್ದೀರಿ, ಒಬ್ಬಳು ಭೂಮಾಪನದಲ್ಲಿ ಇದ್ದಾಳೆ. ನಾಲ್ವರೂ ಅವರು ಹೊಡೆದ ಗಂಟೆಗೆ ಓಡಿಬಂದು ಸಾಲಿನಲ್ಲಿ ನಿಂತವರು. ನಕ್ಷೆ, ಮೂಲ ಕಡತಗಳನ್ನು ಎಲ್ಲಿ ಹುಡುಕಬೇಕೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ದೂರವಾಣಿ ಮಾಡಿ. ಸರ್ವೆ ನಂಬರನ್ನೂ ಚೀಟಿಯ ನಕಲನ್ನೂ ನಾನು ಸಿದ್ಧವಾಗಿಟ್ಟುಕೊಂಡಿದ್ದೇನೆ.