ಸಾಥಿದಾರರ ಸಂಭಾವನೆ

ಗದಗ-ಬೆಟಗೇರಿ ಸೀಮೆಯ ಸಂಗೀತವೆಂದೊಡನೆ ನಮಗೆ ನೆನಪಾಗುವವರು ದೊಡ್ಡ ಗಾಯಕರು. ಅವರ ಎಡಬಲದಲ್ಲಿ ಕುಳಿತು ಪೇಟಿ, ತಬಲಾ ನುಡಿಸಿದವರಿಗೆ ಹಣ ಹೇಗೆ ಸಂದಾಯವಾಗುತ್ತಿತ್ತು? ಅದೂ ಸಂಗೀತದ ಇತಿಹಾಸವೇ.

20ನೆಯ ಶತಮಾನದ ಮೊದಲ ದಶಕಗಳಲ್ಲಿ ಇವರಿಗೆ ದೊಡ್ಡ ಆಸರೆ ನಾಟಕ ಕಂಪನಿಗಳು. ಗದಗಿನಲ್ಲಿ ಗರುಡ ಸದಾಶಿವರಾಯರು, ಶಿರಹಟ್ಟಿಯಲ್ಲಿ ವೆಂಕೋಬರಾಯರು ಮಂಡಳಿ ಕಟ್ಟಿದರು. ಕಂಪನಿಯಲ್ಲಿ ಪೇಟಿ ಮಾಸ್ತರರಿಗೂ ತಬಲಜಿಗೂ ಊಟ, ವಸತಿ, ತಿಂಗಳ ಪಗಾರ. ಆದರೆ ಪಗಾರದ ಮೂಲ ಆಯಾ ರಾತ್ರಿಯ ಟಿಕೇಟು ಹಣ. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಪಗಾರ ಬಾಕಿ. ಲಕ್ಷ್ಮೇಶ್ವರ, ಮುಂಡರಗಿಯಂಥ ಊರುಗಳ ಜಾತ್ರೆ, ಮದುವೆಗಳ ಕಚೇರಿಯಲ್ಲಾದರೋ ಎಲ್ಲವೂ ಬಾಯಿಮಾತು. ಗಾಯಕರ ಕೈಸೇರಿದ ಸಂಭಾವನೆಯಲ್ಲೇ ಸಾಥಿದಾರರ ಪಾಲು.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧ ಹಾಗೂ ಬಡ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕಲಿಸಿದರು. ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿಂದ ಹೊರಬಂದವರಿಗೆ ವಾದ್ಯವೇ ಜೀವನೋಪಾಯ. ಬಾಕಿ ಉಳಿದ ಹಣವೆಂದರೆ ಉಪವಾಸವೇ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಅದರೊಂದಿಗೆ ಕರಾರುಪತ್ರ ಬಂತು: ದಿನಾಂಕ, ಅವಧಿ, ಮೊತ್ತ, ಸಹಿ. ಧ್ವನಿಪರೀಕ್ಷೆಯಲ್ಲಿ ದೊರೆತ ಶ್ರೇಣಿಗೆ ತಕ್ಕ ಸಂಭಾವನೆ. ಸಾಥಿದಾರರೂ ತಮ್ಮದೇ ಹೆಸರಿನಲ್ಲಿ ಕಲಾವಿದರಾದರು.

ಈ ಹೆಸರಿನ ಬೆಲೆ ನಾನು ತಡವಾಗಿ ಕಲಿತೆ. ಒಮ್ಮೆ ನನ್ನ ಕಾರ್ಯಕ್ರಮವೊಂದಕ್ಕೆ ನಿಗದಿಯಾಗಿದ್ದ ತಬಲಜಿ ಬರಲಿಲ್ಲ. ಗಾಯಕರೊಡನೆ ಬಂದಿದ್ದ ಅಂಧ ಯುವಕ ನುಡಿಸಿದ; ಸೊಗಸಾಗಿ ನುಡಿಸಿದ. ಕರಾರಿನಲ್ಲಿ ಹೆಸರು ಬದಲಿಸಲು ನಾನು ಮರೆತೆ. ಹಣ ಮಂಜೂರಾಗಲಿಲ್ಲ. “ಸರ್, ಬಸ್ ಚಾರ್ಜಾದರೂ ಸಿಗಬಹುದೇನ್ರಿ?” ಎಂದು ಆತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕೈಯಿಂದ ಕೊಟ್ಟೆ, ಆದರೆ ಅದು ಸಂಭಾವನೆಯಲ್ಲ, ನನ್ನ ತಪ್ಪಿನ ದಂಡ.

ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಗೌರವಧನದ ಪಾಲನ್ನೂ ಸೇರಿಸಿತು. ಆದರೆ ನುಡಿಸಿದವರು ಯಾರೆಂಬ ದಾಖಲೆಯೇ ಇಲ್ಲದಿದ್ದರೆ ಹಕ್ಕು ಕೇಳುವುದು ಹೇಗೆ?

ಆದ್ದರಿಂದ ವಾದ್ಯಗಾರರೇ, ಶ್ರುತಿ ಕೂಡಿಸುವ ಮೊದಲು ಕಾಗದ ಕೇಳಿರಿ: ಹೆಸರು, ತಾರೀಖು, ಮೊತ್ತ, ಸಂದಾಯದ ದಿನ. ಕಣ್ಣಿಲ್ಲದವರಿಗೆ ಅದನ್ನು ಓದಿ ಹೇಳುವುದು ಕರೆಸಿದವರ ಹೊಣೆ. ಕೇಳುವುದರಲ್ಲಿ ಸಂಕೋಚ ಬೇಡ. ಅದು ನಿಮ್ಮ ದುಡಿಮೆ.