ನೋವಿನ ಜೊತೆಗೆ ಮನೆಯನ್ನೂ ವಿಚಾರಿಸುವವರು

ಥಾಣೆ ಪೂರ್ವದ ಕೋಪರಿಯ ಬಡವರಿಗೆ ದೊಡ್ಡ ಕಾಯಿಲೆ ಬಂದರೆ ಪಕ್ಕದ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಅಲ್ಲಾಗದಿದ್ದರೆ ಲೋಕಲ್ ಹಿಡಿದು ಪರೇಲಿನ ಕೆಇಎಂ ಇಲ್ಲವೇ ಟಾಟಾ. ಹೋಟೆಲ್ ಕೆಲಸದ ನಮ್ಮವನೊಬ್ಬನಿಗೆ ಡಯಾಲಿಸಿಸ್ ನಡೆಯುತ್ತಿದೆ ಎನ್ನಿ. ಉಪ್ಪು, ನೀರು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಅವನು ಉಣ್ಣುವುದು ಹೋಟೆಲಿನ ಸಾಂಬಾರು, ದಿನವಿಡೀ ನಿಲ್ಲುವುದು ಒಲೆಯ ಮುಂದೆ. ಉಪ್ಪು ಹೆಚ್ಚಿದಷ್ಟೂ ಬಾಯಾರಿಕೆ. ಕುಡಿದ ನೀರು ಹೊರಹೋಗದೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಕೇಸ್ ಪೇಪರಿನಲ್ಲಿ ಊತ ಮಾತ್ರ ದಾಖಲಾಗುತ್ತದೆ. ಒಲೆಯ ಸಂಗತಿಯನ್ನು ಕೇಳಿ ತಿಳಿದು ಡಾಕ್ಟರಿಗೆ ಮುಟ್ಟಿಸಬೇಕಾದವರು ವೈದ್ಯಕೀಯ ಸಮಾಜ ಕಾರ್ಯಕರ್ತರು.

ಈ ವೃತ್ತಿ ಹುಟ್ಟಿದ್ದು ಅನುಮಾನದಿಂದ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟುವರ್ಟ್ ಅವರನ್ನು ನೇಮಿಸಿಕೊಂಡಾಗ, ಪುಕ್ಕಟೆ ಚಿಕಿತ್ಸೆಗೆ ಯಾರು ಅರ್ಹರು ಎಂದು ಸೋಸುವುದೂ ಅವರ ಕೆಲಸವಾಗಿತ್ತು. ಹತ್ತು ವರ್ಷಗಳ ಬಳಿಕ ಬಾಸ್ಟನ್ನಿನಲ್ಲಿ ಡಾ. ರಿಚರ್ಡ್ ಕ್ಯಾಬಟ್ ಪ್ರಶ್ನೆಯನ್ನೇ ಬದಲಿಸಿದರು: ರೋಗಿ ಮರಳುವ ಮನೆ ಎಂಥದೆಂದು ತಿಳಿಯದೆ ಔಷಧಿ ಬರೆದು ಏನು ಫಲ? ಅದನ್ನೊಂದು ಶಿಸ್ತಾಗಿ ಬೆಳೆಸಿದವರು ಇಡಾ ಕ್ಯಾನನ್.

ಮುಂಬಯಿಗೆ ಈ ವೃತ್ತಿ ಬೇಗ ಬಂತು. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನಿರ್ದೇಶಕರಾಗಿ 1936ರಲ್ಲಿ ಆರಂಭವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್). ಆಸ್ಪತ್ರೆಗಳಿಗೆ ಸಮಾಜ ಕಾರ್ಯಕರ್ತರು ಬೇಕೆಂದು ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿ ಹೇಳಿದ 1946ರಲ್ಲೇ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ನೇಮಕವಾಯಿತು. ಬೆಂಗಳೂರಿನಲ್ಲಿ ಇದೇ ಧಾರೆ ಮನೋರೋಗಿಗಳ ಕುಟುಂಬದತ್ತ ಹರಿದು ನಿಮ್ಹಾನ್ಸ್‌ನ ದೊಡ್ಡ ವಿಭಾಗವಾಯಿತು.

ರೋಗಲಕ್ಷಣದ ಅರ್ಥವನ್ನೇ ಹಿಗ್ಗಿಸಿದವರು ಸಿಸಿಲಿ ಸಾಂಡರ್ಸ್. ಅವರು ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್. ಈ ನಡುವಿನ ವರ್ಷಗಳೇ ಮುಖ್ಯವೆಂದು ನನಗನಿಸುತ್ತದೆ. 1948ರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಪೋಲೆಂಡಿನ ನಿರಾಶ್ರಿತ ಡೇವಿಡ್ ಟಾಸ್ಮಾ ಅವರನ್ನು ಸಾಂಡರ್ಸ್ ಕಂಡದ್ದು ಸಮಾಜ ಕಾರ್ಯಕರ್ತೆಯಾಗಿ. ದೇಹದ ನೋವಿನೊಳಗೆ ಒಂಟಿತನ, ಸಾಲ, ಭಯ, ದೇವರ ಮೇಲಿನ ಮುನಿಸು ಎಲ್ಲವೂ ಸೇರಿರುತ್ತವೆ, ಎಲ್ಲಕ್ಕೂ ಒಟ್ಟಿಗೇ ಆರೈಕೆ ಬೇಕು ಎಂಬ ವಿಚಾರ ಅವರದು. 1967ರಲ್ಲಿ ಅವರು ಸಾವಿನ ಹತ್ತಿರವಿರುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಅಂಥದೇ ಶಾಂತಿ ಆವೇದನಾ ಸದನ ಬಂತು. ಆದರೆ 1985ರ ಮಾದಕವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳಿಗೆ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು. ಕಾಯ್ದೆ ಸಡಿಲವಾಗಲು 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆ ಸುಮಾರು ಮೂವತ್ತು ವರ್ಷಗಳಲ್ಲಿ ನರಳಿ ಹೋದವರನ್ನು ನೆನೆದರೆ ಸಂಕಟವಾಗುತ್ತದೆ.

ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆ ಕಡುಬಡವರಿಗೆ, ಇನ್ನು ಹತ್ತು ದುರ್ಬಲ ವರ್ಗದವರಿಗೆ ಮೀಸಲಿಡಬೇಕು. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆ ಇದು. ಉಪಕಾರ ದೊಡ್ಡದು. ಆದರೆ ತಹಸೀಲ್ದಾರರ ದಾಖಲೆ, ರೇಷನ್ ಕಾರ್ಡಿನ ಬಣ್ಣ ನೋಡುವುದರಲ್ಲೇ ಸಮಾಜ ಕಾರ್ಯಕರ್ತರ ದಿನ ಮುಗಿದರೆ, ವೃತ್ತಿ ಮತ್ತೆ 1895ಕ್ಕೆ ಮರಳಿದಂತೆ. ವಿಜಯಪುರ, ಕಲಬುರಗಿಯಿಂದ ಬಂದು ಗಾರೆ ಕೆಲಸ ಮಾಡುವವರ ಕಾರ್ಡು ಎಷ್ಟೋ ಸಲ ಊರಿನಲ್ಲೇ ಇರುತ್ತದೆ. ಅವರಿಗೆ ಅರ್ಜಿ ತುಂಬಿಕೊಡುವವರೂ ಬೇಕು, ಅದಕ್ಕಿಂತ ಹೆಚ್ಚಾಗಿ ಮನೆಮಂದಿಯನ್ನು ಮಾತಾಡಿಸುವವರು ಬೇಕು. ಉದಾಹರಣೆಗೆ, ಕ್ಯಾನ್ಸರಿನ ನೋವಿಗೆ ಬಾಯಿಂದ ಕುಡಿಯುವ ಮಾರ್ಫಿನನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಮಲಬದ್ಧತೆಗೆ ಜೊತೆಗೊಂದು ಔಷಧಿ. ಚೀಟಿ ಓದಲಾರದ ರೋಗಿಯ ಹೆಂಡತಿಗೆ ಇದನ್ನು ಕನ್ನಡದಲ್ಲಿ ಹೇಳಿ, ಅವಳ ಬಾಯಿಂದ ಮರಳಿ ಹೇಳಿಸಿ, ಅವಳು ಕೂಲಿಗೆ ಹೋದ ಹೊತ್ತಿನಲ್ಲಿ ಯಾರು ಕೊಡುತ್ತಾರೆಂದು ನೆರೆಯವರೊಂದಿಗೆ ಗೊತ್ತುಮಾಡಿದರೆ ಮಾತ್ರ ಆ ಔಷಧಿ ರೋಗಿಯ ನೋವಿಗೆ ತಲುಪುತ್ತದೆ.