ಔಷಧಕ್ಕೆ ಬಗ್ಗದ ಕೀಡಿ

ನಾವು ಸಾಫ್ಟ್‌ವೇರ್ ಮಂದಿ ದಿನಾ ಬೆಳಗಾದರೆ 'ಬಗ್' ಹಿಡಿಯೋ ಮಾತಾಡ್ತೀವಿ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಬೆಳೆಯೋರಿಗೆ ಗೊತ್ತಿರೋ ಹುಳದ ಮುಂದೆ ನಮ್ಮದೇನೂ ಅಲ್ಲ. ಅದರ ಶಾಸ್ತ್ರೀಯ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ಕೃಷಿ ಇಲಾಖೆಯ ಕರಪತ್ರದಲ್ಲಿ 'ಹಸಿರು ಕಾಯಿಕೊರಕ'. ನಮ್ಮ ಕಡೆ ಸುಮ್ಮನೆ 'ಕೀಡಿ'.

ಕಲಬುರಗಿ ಜಿಲ್ಲೆಯನ್ನ (2014ರ ನವೆಂಬರ್‌ವರೆಗೆ ಅಧಿಕೃತವಾಗಿ ಗುಲ್ಬರ್ಗ) ತೊಗರಿಯ ಕಣಜ ಅಂತಾರೆ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸಾರಿನಲ್ಲಿ ಆ ಬೇಳೆ ತಿನ್ನುವ ಬೆಂಗಳೂರಿನವರಿಗೆ 1997ರ ಕಥೆ ಗೊತ್ತಿರೋದು ಕಡಿಮೆ.

ತೊಗರಿ ಬಿತ್ತೋದು ಮುಂಗಾರಿನಲ್ಲಿ. ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿಗೆ ದೀಪಾವಳಿ ಕಳೆದಿರುತ್ತೆ. ಆಗ ಆಕಾಶ ತಿಳಿಯಾಗಿದ್ದು ಚಳಿ ಬಿದ್ದರೆ ಬೆಳೆ ಬಂತು ಅಂತಲೇ ಲೆಕ್ಕ. 1997ರಲ್ಲಿ ಹಾಗಾಗಲಿಲ್ಲ. ಅಕಾಲದ ಮಳೆ, ಮೋಡ ಮುಚ್ಚಿದ ವಾತಾವರಣ, ಅದರ ಬೆನ್ನಿಗೇ ಕೀಡಿ. ಹೂವು, ಮೊಗ್ಗು, ಎಳೆ ಕಾಯಿ ಒಂದೂ ಉಳಿಯಲಿಲ್ಲ. ಸಾಲ ತಂದು ಔಷಧ ಹೊಡೆದರು, ಸಾಯಲಿಲ್ಲ. ಇನ್ನೊಂದು ತಂದು ಹೊಡೆದರು, ಅದಕ್ಕೂ ಸಾಯಲಿಲ್ಲ. 1998ರ ಹೊತ್ತಿಗೆ ಬೀದರ್, ಗುಲ್ಬರ್ಗಗಳಿಂದ ರೈತರ ಆತ್ಮಹತ್ಯೆಯ ಸುದ್ದಿಗಳು ಬರತೊಡಗಿದವು. ಬೀದರ್ ಜಿಲ್ಲೆಯ ಆ ಸಂಕಟದ ಬಗ್ಗೆ ಸಮಾಜಶಾಸ್ತ್ರಜ್ಞೆ ಎ. ಆರ್. ವಾಸವಿ 1999ರಲ್ಲಿ ಬರೆದರು. ರಾಜ್ಯ ಸರ್ಕಾರ ನೇಮಿಸಿದ ಡಾ. ಜಿ. ಕೆ. ವೀರೇಶ್ ಸಮಿತಿಯ ವರದಿ ಬಂದಿದ್ದು 2002ರಲ್ಲಿ. ಅಂದ ಹಾಗೆ, ವೀರೇಶ್ ಅವರು ಸ್ವತಃ ಕೀಟಶಾಸ್ತ್ರಜ್ಞರು.

ಆ ವರ್ಷದ ಬಗ್ಗೆ ಯಾರನ್ನ ಕೇಳಿದರೂ ಎರಡು ಕಾರಣ ಹೇಳ್ತಾರೆ. ಒಂದು, ಮಳೆ ಮೋಸ ಮಾಡಿತು. ಇನ್ನೊಂದು, ಅಂಗಡಿಯವರು ಡುಪ್ಲಿಕೇಟ್ ಔಷಧ ಕೊಟ್ಟರು. ಎರಡರಲ್ಲೂ ಸತ್ಯ ಇದೆ. ಆದರೆ ಮೂರನೇ ಕಾರಣವೊಂದಿದೆ, ಅದಕ್ಕೊಂದು ಇತಿಹಾಸವೂ ಇದೆ. ಅದು ಶುರುವಾಗೋದು ನಮ್ಮ ಜಿಲ್ಲೆಯಲ್ಲಲ್ಲ, ಗುಂಟೂರಿನಲ್ಲಿ.

1980ರ ದಶಕದ ಆರಂಭದಲ್ಲಿ ಸಿಂಥೆಟಿಕ್ ಪೈರೆಥ್ರಾಯ್ಡ್ ಅನ್ನೋ ಹೊಸ ಜಾತಿಯ ಕೀಟನಾಶಕಗಳು ಭಾರತದ ಮಾರುಕಟ್ಟೆಗೆ ಬಂದವು: ಸೈಪರ್‌ಮೆಥ್ರಿನ್, ಫೆನ್‌ವಲರೇಟ್, ಡೆಲ್ಟಾಮೆಥ್ರಿನ್. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿರೋ ವಿಷದ ನಕಲು ಇವು. ಹುಳದ ನರಗಳ ಸೋಡಿಯಂ ಬಾಗಿಲು ಮುಚ್ಚದಂತೆ ಮಾಡಿ ಲಕ್ವ ಹೊಡೆಸ್ತವೆ. ಸ್ವಲ್ಪ ಹಾಕಿದರೆ ಸಾಕು, ಕಣ್ಣೆದುರೇ ಹುಳ ಬೀಳ್ತಿತ್ತು. ಕರಾವಳಿ ಆಂಧ್ರದ ಹತ್ತಿ ಬೆಳೆಗಾರರು ಮುಗಿಬಿದ್ದರು. ಐದಾರು ವರ್ಷದಲ್ಲಿ ಆಟ ಮುಗೀತು. 1987ರಲ್ಲಿ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಗೆ ಇದೇ ಕೀಡಿ ಬಿದ್ದಾಗ ಪೈರೆಥ್ರಾಯ್ಡ್ ಎಷ್ಟು ಸಲ ಹೊಡೆದರೂ ಕೆಲಸ ಮಾಡಲಿಲ್ಲ. ಅಲ್ಲೂ ಬೆಳೆ ಹೋಯಿತು, ಸಾಲ ಉಳಿಯಿತು, ರೈತರು ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ಆಗಿದ್ದಕ್ಕೆ ಸರಿಯಾಗಿ ಹತ್ತು ವರ್ಷ ಮೊದಲು!

ಆ ಹುಳಗಳನ್ನ ಪ್ರಯೋಗಾಲಯಕ್ಕೆ ಒಯ್ದು ನೋಡಿದಾಗ ಅವಕ್ಕೆ ಔಷಧ ತಡೆಯೋ ಶಕ್ತಿ ಬಂದಿದೆ ಅಂತ ಖಚಿತವಾಯಿತು. ಇಂಗ್ಲೆಂಡಿನ ಮೆಕಾಫ್ರಿ ಮತ್ತು ಸಂಗಡಿಗರ ಪ್ರಬಂಧ 1989ರಲ್ಲೇ ಬಂತು. ಆಮೇಲೆ ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಿಂದ ನೈಜೆಲ್ ಆರ್ಮ್ಸ್ ಮತ್ತು ಜೊತೆಯವರು ಉಪಖಂಡದ ಬೇರೆ ಬೇರೆ ಕಡೆಯ ಹುಳಗಳನ್ನ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯ ಸಾರ: ಪೈರೆಥ್ರಾಯ್ಡ್ ನಿರೋಧಕತೆ ಎಲ್ಲೆಡೆ ಹಬ್ಬಿಬಿಟ್ಟಿದೆ.

ಪಟಾನ್‌ಚೆರುವಿನಿಂದ ಕಲಬುರಗಿಗೆ ಇನ್ನೂರು ಕಿಲೋಮೀಟರ್ ಆಸುಪಾಸು. ಇಂಗ್ಲಿಷ್ ಜರ್ನಲ್‌ನಲ್ಲಿ 1996ರಲ್ಲಿ ಅಚ್ಚಾದ ವಿಷಯ 1997ರ ನವೆಂಬರಿನೊಳಗೆ ಜೇವರ್ಗಿಯ ರೈತನ ಕಿವಿಗೆ ಬೀಳಲಿಲ್ಲ. ಅವನಿಗೆ ಸಲಹೆ ಕೊಡ್ತಿದ್ದವನು ಔಷಧದ ಅಂಗಡಿಯವನು. ಸಾಲ ಕೊಡೋನೂ ಅವನೇ, ಎಷ್ಟೋ ಕಡೆ ಮಾಲು ಕೊಳ್ಳೋನೂ ಅವನೇ. ನನಗೆ ಇಡೀ ಕಥೆಯಲ್ಲಿ ಸಿಟ್ಟು ಬರೋದು ಈ ಜಾಗದಲ್ಲಿ.

"ಕೀಡಿಗಿ ರೂಢಿ ಆಗ್ಯಾದ್ರೀ" ಅಂತ ನಮ್ಮ ಕಡೆ ಹೇಳ್ತಾರೆ. ಕುಡುಕನಿಗೆ ಹೆಂಡ ರೂಢಿಯಾದ ಹಾಗೆ ಅಂತ ಅರ್ಥ. ಅಸಲಿಗೆ ಹಾಗಲ್ಲ. ಯಾವ ಒಂದು ಹುಳವೂ ರೂಢಿ ಮಾಡಿಕೊಳ್ಳೋದಿಲ್ಲ. ಲಕ್ಷದಲ್ಲಿ ಒಂದೋ ಎರಡೋ ಹುಳಕ್ಕೆ ಹುಟ್ಟಿನಿಂದಲೇ ವಿಷವನ್ನ ಒಡೆದುಹಾಕೋ ಕಿಣ್ವ ಜಾಸ್ತಿ ಇರುತ್ತೆ ಅಂದುಕೊಳ್ಳಿ. ಔಷಧ ಹೊಡೆದಾಗ ಉಳಿದವೆಲ್ಲ ಸತ್ತು ಅವು ಬದುಕ್ತವೆ. ಒಂದು ಹೆಣ್ಣು ಪತಂಗ ಸಾವಿರದಷ್ಟು ಮೊಟ್ಟೆ ಇಡಬಲ್ಲದು, ಮೊಟ್ಟೆಯಿಂದ ಪತಂಗವಾಗೋಕೆ ತಿಂಗಳ ಮೇಲೆ ಸ್ವಲ್ಪ ದಿನ. ಪೈಪೋಟಿಗೆ ಬೇರೆ ಹುಳ ಇಲ್ಲ. ಇನ್ನೊಂದು ಸಲ ಹೊಡೆದರೆ ಇನ್ನೊಂದು ಜರಡಿ. ಹೆಚ್ಚು ಹೊಡೆದಷ್ಟೂ ಜರಡಿ ಚೊಕ್ಕ!

ಇದೇನೂ ಹೊಸ ವಿದ್ಯೆಯಲ್ಲ. 1914ರಲ್ಲೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೆಲಾಂಡರ್ ಅನ್ನೋ ವಿಜ್ಞಾನಿ, ಸುಣ್ಣ-ಗಂಧಕದ ದ್ರಾವಣಕ್ಕೆ ತೋಟದ ಶಲ್ಕ ಕೀಟಗಳು ಯಾಕೆ ಸಾಯ್ತಿಲ್ಲ ಅಂತ ಕೇಳಿದ್ದ. ಇನ್ನು ಸಸ್ಯಹೇನುಗಳ ಕಥೆ ಕೇಳಿ. ಕುಸುಬೆ, ಜೋಳಕ್ಕೆ ಹತ್ತಿ ಎಲೆಯೆಲ್ಲ ಅಂಟಂಟು ಮಾಡೋ ಹೇನಿನ ಬಳಗದ್ದೇ, ಮೈಜಸ್ ಪರ್ಸಿಕೇ ಅಂತ ಒಂದು ಜಾತಿ. ಹೇನಿಗೆ ಗಂಡೇ ಬೇಕಿಲ್ಲ, ಹೆಣ್ಣು ತನ್ನ ಹಾಗೇ ಇರೋ ಮರಿಗಳನ್ನ ನೇರ ಹಾಕುತ್ತೆ. ಥೇಟ್ ಕಾಪಿ-ಪೇಸ್ಟ್. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಡೆವನ್‌ಶೈರ್ ಮತ್ತು ಸಾವಿಟ್ಸ್‌ಕಿ ನೋಡಿದಾಗ ಔಷಧಕ್ಕೆ ಬಗ್ಗದ ಹೇನುಗಳಲ್ಲಿ ಒಂದು ಕಿಣ್ವದ ಪ್ರಮಾಣ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ಹೀಗೆ ಏರುತ್ತಿತ್ತು. ಆ ಜೀನೇ ನಕಲಾಗಿರಬೇಕು ಅಂತ 1979ರಲ್ಲಿ ಬರೆದರು, ಮುಂದೆ ಅದೇ ನಿಜವಾಯಿತು. ಎರಡರ ಘಾತಗಳು ಕಂಡರೆ ನಮ್ಮಂಥೋರಿಗೆ ಖುಷಿ. ಹೊಲದವನಿಗೆ ಅದೇ ಹೊಟ್ಟೆ ಮೇಲೆ ಬರೆ.

ತೊಗರಿ ಕೀಡಿಗೆ ಗಂಡು ಬೇಕು, ಆದರೆ ಅದಕ್ಕೆ ಬೇರೆ ಅನುಕೂಲ ಇದೆ. ಅದು ಹತ್ತಿ ತಿನ್ನುತ್ತೆ, ತೊಗರಿ ತಿನ್ನುತ್ತೆ, ಕಡಲೆ ತಿನ್ನುತ್ತೆ, ಸೂರ್ಯಕಾಂತಿ, ಜೋಳದ ತೆನೆ, ಟೊಮ್ಯಾಟೊ ಏನನ್ನೂ ಬಿಡಲ್ಲ. ಹತ್ತಿಯಲ್ಲಿ ಜರಡಿ ಹಿಡಿಸಿಕೊಂಡು ಗೆದ್ದ ಸಂತತಿ ತೊಗರಿಗೆ ಬರುತ್ತೆ, ಅಲ್ಲಿಂದ ಹಿಂಗಾರಿನ ಕಡಲೆಗೆ ಹೋಗುತ್ತೆ. ಪತಂಗಕ್ಕೆ ರೆಕ್ಕೆ ಇದೆ, ರಾಜ್ಯದ ಗಡಿ ಇಲ್ಲ. ಹಾಗಾಗಿ ಅಫಜಲಪುರದಲ್ಲಿ ಜೀವಮಾನದಲ್ಲೇ ಪೈರೆಥ್ರಾಯ್ಡ್ ಮುಟ್ಟದ ರೈತನ ಹೊಲಕ್ಕೂ, ಬೇರೆಯವರು ತಯಾರು ಮಾಡಿದ ಗಟ್ಟಿ ಕೀಡಿಯೇ ಬರಬಹುದಿತ್ತು.

ಎಲ್ಲವನ್ನೂ ನಿರೋಧಕತೆಯ ತಲೆಗೆ ಕಟ್ಟೋದೂ ತಪ್ಪಾಗುತ್ತೆ. ಸಣ್ಣ ಮರಿ ಇದ್ದಾಗ ಹೊಡೆದರೆ ಸಾಯೋ ಕೀಡಿ ಬಲಿತ ಮೇಲೆ ಜಗ್ಗಲ್ಲ, ತಲೆ ಕಾಯಿಯೊಳಗೆ ಹೊಕ್ಕ ಮೇಲಂತೂ ಔಷಧ ತಾಗೋದೇ ಕಷ್ಟ. ಆಳೆತ್ತರದ ತೊಗರಿಯೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗೋದೂ ಸುಲಭವಲ್ಲ. ಮೊದಲು ಅಕ್ಕಡಿ ಸಾಲಿನಲ್ಲಿ ಜೋಳ, ಸಜ್ಜೆ, ಹೆಸರಿನ ಜೊತೆ ಇರ್ತಿದ್ದ ತೊಗರಿ, ಬೆಲೆ ಬಂದ ಮೇಲೆ ಹೊಲಪೂರ್ತಿ ತಾನೊಂದೇ ನಿಂತಿತು. ಜೋಳದ ತೆನೆ ಮೇಲೆ ಕೂತು ಕೀಡಿ ಹೆಕ್ಕೋ ಹಕ್ಕಿಗೂ ಕೂರೋಕೆ ಜಾಗ ಇಲ್ಲ.

ಆಮೇಲಿನ ಕಥೆ ನನಗೆ ತುಂಬಾ ಇಷ್ಟ. ಔಷಧ ಕೈಕೊಟ್ಟಾಗ ಜನ ಮತ್ತೆ ಹಳೇ ಪದ್ಧತಿಗೆ ಹೊರಳಿದರು. ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡ ಹಿಡಿದು ಜಾಡಿಸೋದು. ಬಲಿತ ಕೀಡಿಗಳೆಲ್ಲ ಪಟಪಟ ಉದುರ್ತವೆ. ಒಟ್ಟುಮಾಡಿ ಕೊಲ್ಲೋದು, ಇಲ್ಲಾ ಕೋಳಿಗೆ ಹಾಕೋದು. 1998-99ರ ಹೊತ್ತಿಗೆ ಇಕ್ರಿಸ್ಯಾಟ್‌ನವರು ಇದನ್ನ ಗಂಭೀರವಾಗಿ ಪರೀಕ್ಷೆಗೆ ಹಚ್ಚಿದರು. ಫಲ ಚೆನ್ನಾಗಿತ್ತು. ಉದುರಿದ ಕೀಡಿಗಳಿಂದಲೇ ಎನ್‌ಪಿವಿ ಅನ್ನೋ ನಂಜಾಣು ದ್ರಾವಣ ತಯಾರಿಸೋದನ್ನೂ ರೈತರಿಗೆ ಕಲಿಸಿದರು. ಆ ವೈರಸ್ ಹತ್ತಿದ ಕೀಡಿ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತು ಸಾಯುತ್ತೆ. ಜೊತೆಗೆ ಬೇವಿನ ಬೀಜದ ಕಷಾಯ, ಮೋಹಕ ಬಲೆ. ಜಾಡಿಸೋದಕ್ಕೆ ನಿರೋಧಕ ಶಕ್ತಿ ಬೆಳೆಸಿಕೊಳ್ಳಬೇಕಾದರೆ ಕೀಡಿ ಗಿಡವನ್ನ ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳೋದು ಕಲೀಬೇಕು. ಯಾವ ಕಾಲಕ್ಕೋ!

ಕಬ್ಬಿನಲ್ಲೂ ಹೀಗೇ ಒಂದು ಪಾಠ ಆಗಿತ್ತು. 2002ರಲ್ಲಿ ಸಾಂಗ್ಲಿ ಕಡೆಯಿಂದ ಉತ್ತರ ಕರ್ನಾಟಕಕ್ಕೆ ಬಿಳಿ ಉಣ್ಣೆ ಹೇನು ನುಗ್ಗಿದಾಗ ಔಷಧಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಡೈಫಾ, ಮೈಕ್ರೋಮಸ್ ಅನ್ನೋ ಪರಭಕ್ಷಕ ಹುಳಗಳು.

ಆದರೆ ಗಿಡ ಜಾಡಿಸೋಕೆ ಆಳು ಬೇಕು, ಕೂಲಿ ಕೊಡಬೇಕು. 2000ದ ನಂತರ ಸ್ಪೈನೋಸಾಡ್, ಇಂಡಾಕ್ಸಾಕಾರ್ಬ್, ಎಮಾಮೆಕ್ಟಿನ್, ಆಮೇಲೆ ಕ್ಲೋರಾಂಟ್ರನಿಲಿಪ್ರೋಲ್ ಬಂದವು. ಹುಳದ ದೇಹದಲ್ಲಿ ಇವು ಹೊಡೆಯೋ ಜಾಗವೇ ಬೇರೆ ಬೇರೆ, ಹಾಗಾಗಿ ಪೈರೆಥ್ರಾಯ್ಡ್ ಗೆದ್ದ ಕೀಡಿಯೂ ಬಿತ್ತು. 2002ರಲ್ಲಿ ಬಂದ ಬಿಟಿ ಹತ್ತಿಯಿಂದ ಹತ್ತಿಯಲ್ಲಿ ಈ ಕೀಡಿಗೆ ಹೊಡೆಯೋದೂ ಕಡಿಮೆಯಾಯಿತು. (ಅದೇ ಬಿಟಿಗೆ ಗುಲಾಬಿ ಕಾಯಿಕೊರಕ ಬಗ್ಗುತ್ತಿಲ್ಲ ಅಂತ 2010ರಲ್ಲಿ ಗುಜರಾತಿನಿಂದ ಸುದ್ದಿ ಬಂತು.) ಕೀಟನಾಶಕಗಳು ಹುಳದ ಮೇಲೆ ಹೇಗೆ ಕೆಲಸ ಮಾಡ್ತವೆ ಅನ್ನೋದರ ಮೇಲೆ ಅವಕ್ಕೆ ಗುಂಪಿನ ನಂಬರ್ ಕೊಟ್ಟಿದ್ದಾರೆ. ಪೈರೆಥ್ರಾಯ್ಡ್ 3, ಸ್ಪೈನೋಸಾಡ್ 5, ಎಮಾಮೆಕ್ಟಿನ್ 6, ಇಂಡಾಕ್ಸಾಕಾರ್ಬ್ 22, ಕ್ಲೋರಾಂಟ್ರನಿಲಿಪ್ರೋಲ್ 28. ಹೋದ ಸಲ 28 ಹೊಡೆದಿದ್ದರೆ ಈ ಸಲ ಬೇರೆ ನಂಬರಿನದು ಹೊಡೀಬೇಕು. ಬಾಟಲಿ ಮೇಲಿನ ಬ್ರ್ಯಾಂಡ್ ಬೇರೆ ಆದ ಮಾತ್ರಕ್ಕೆ ನಂಬರ್ ಬೇರೆ ಅಂತ ಅಲ್ಲ. ಊರಿಗೆ ಹೋದಾಗ ಔಷಧದ ಅಂಗಡಿ ಕಂಡರೆ ಒಳಗೆ ಹೋಗಿ ಕೇಳಿ ನೋಡಿ, "ಇದು ಯಾವ ಗುಂಪಿನದ್ರೀ?" ಅಂತ.